ಪೈಥಾನ್ ಕೈಪಿಡಿಯ ಪುಟ ಕಟ್ಟಿದವರು

 ಇವತ್ತಿನ ಸಂಚಿಕೆ ಒಂದು ಪುಸ್ತಕದ ಬಗ್ಗೆ. ಕೆಲಸದ ಮಧ್ಯೆ ಜನ ಇದನ್ನ ತೆರೀತಾರೆ, ಎರಡು ಸಾಲು ಓದಿ ಮುಚ್ಚಿಬಿಡ್ತಾರೆ. ಮೊದಲ ಪುಟದಿಂದ ಕೊನೇ ಪುಟದವರೆಗೆ ಓದಿದವರು ಸಿಗೋದು ಕಷ್ಟ. ಅದು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಅಧಿಕೃತ ಕೈಪಿಡಿ. ಇಂಗ್ಲಿಷಿನಲ್ಲಿ ಡಾಕ್ಯುಮೆಂಟೇಶನ್ ಅಂತೀವಲ್ಲ, ಅದು.

ನಾನು ಬಿಕಾಂ ಓದಿದವಳು. ಕೋಡ್ ಬರೆಯೋದು ನನ್ನ ಹೊಟ್ಟೆಪಾಡಲ್ಲ. ಹಾಗಾಗಿ ಈ ಕಥೆಗೆ ನಾನು ಬಂದಿದ್ದು ಲೆಕ್ಕದ ದಾರಿಯಿಂದ. ಒಂದು ವಸ್ತುವನ್ನ ಕಟ್ಟೋಕೆ ಆಗೋ ಖರ್ಚು ಬೇರೆ, ಅದನ್ನ ನಡೆಸಿಕೊಂಡು ಹೋಗೋಕೆ ಆಗೋ ಖರ್ಚು ಬೇರೆ ಅಂತ ನಮಗೆ ಮೊದಲ ವರ್ಷದಲ್ಲೇ ಹೇಳಿಕೊಡ್ತಾರೆ. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತೆ. ಎರಡನೆಯದು ವರ್ಷಾನುಗಟ್ಟಲೆ ಸದ್ದಿಲ್ಲದೆ ಹೋಗ್ತಾ ಇರುತ್ತೆ. ಪೈಥಾನ್ ಕೈಪಿಡಿಯ ಚರಿತ್ರೆ ಈ ಎರಡನೇ ಖರ್ಚಿನ ಚರಿತ್ರೆ. ಸುಮಾರು ಹದಿನಾರು ವರ್ಷ ಅದನ್ನ ಒಂದು ರೀತಿಯಲ್ಲಿ ಅಕ್ಷರ ಜೋಡಿಸಿ ಕಟ್ಟುತ್ತಿದ್ದರು. 2007ರಲ್ಲಿ ಅದನ್ನ ಪೂರ್ತಿ ಬಿಚ್ಚಿ ಬೇರೆ ರೀತಿ ಕಟ್ಟಿದರು. ಯಾಕೆ ಬಿಚ್ಚಿದರು, ಅದರಿಂದ ಯಾರಿಗೆ ಏನಾಯ್ತು ಅನ್ನೋದೇ ಇವತ್ತಿನ ವಿಷಯ.

ಪೇಟೆಂಟ್ ವಿಭಾಗದ ಹೆಸರಲ್ಲಿ ಬಂದ ಯಂತ್ರ

ಸ್ವಲ್ಪ ಹಿಂದಕ್ಕೆ ಹೋಗೋಣ. ಪರದೆಯ ಮೇಲೆ ಓದೋ ಅಭ್ಯಾಸ ಬರೋದಕ್ಕೆ ಮೊದಲು ಕೈಪಿಡಿ ಅಂದ್ರೆ ಕಾಗದ. ಪ್ರೋಗ್ರಾಂ ಬರೆದವರು ಅದರ ವಿವರಣೆಯನ್ನ ಮುದ್ರಿಸಿ ಬೈಂಡ್ ಮಾಡಿ ಪಕ್ಕದಲ್ಲಿ ಇಟ್ಟುಕೊಳ್ಳಬೇಕಿತ್ತು.

ಅಮೆರಿಕದ ನ್ಯೂಜೆರ್ಸಿಯಲ್ಲಿದ್ದ ಬೆಲ್ ಲ್ಯಾಬ್ಸ್‌ನಲ್ಲಿ 1970ರ ಹೊತ್ತಿಗೆ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಕಟ್ಟುತ್ತಿದ್ದರು. ಅವರಿಗೆ ಹೊಸ ಕಂಪ್ಯೂಟರ್ ಬೇಕಿತ್ತು. ಆಪರೇಟಿಂಗ್ ಸಿಸ್ಟಂ ಮಾಡ್ತೀವಿ ಅಂದ್ರೆ ಆಡಳಿತದವರು ದುಡ್ಡು ಕೊಡೋ ಮನಸ್ಥಿತಿಯಲ್ಲಿ ಇರಲಿಲ್ಲ. ಆಗ ತಂಡ ಮುಂದಿಟ್ಟಿದ್ದು ಬೇರೆ ಕಾರಣ. ಕಂಪನಿಯ ಪೇಟೆಂಟ್ ವಿಭಾಗಕ್ಕೆ ಅರ್ಜಿಗಳನ್ನ ನೀಟಾಗಿ ಸಿದ್ಧಪಡಿಸಿಕೊಡೋ ವ್ಯವಸ್ಥೆ ಮಾಡ್ತೀವಿ ಅಂದರು. ಪಿಡಿಪಿ-11 ಯಂತ್ರ ಬಂತು. ಅಂದ್ರೆ ನೋಡಿ, ಯೂನಿಕ್ಸ್ ಬೆಳೆಯೋದಕ್ಕೆ ದುಡ್ಡು ಹುಟ್ಟಿದ್ದೇ ದಾಖಲೆ ಸಿದ್ಧಪಡಿಸೋ ಕೆಲಸದ ಹೆಸರಲ್ಲಿ.

ಅದೇ ತಂಡದಲ್ಲಿ ಜೋ ಒಸಾನಾ ಅಂತ ಒಬ್ಬರಿದ್ದರು. 1973ರ ಹೊತ್ತಿಗೆ ಅವರು ಟ್ರಾಫ್ ಅನ್ನೋ ಪ್ರೋಗ್ರಾಂ ಬರೆದರು. ಮಾಮೂಲಿ ಟೈಪ್‌ರೈಟರ್ ಥರದ ಅಕ್ಷರಗಳನ್ನ ಬಿಟ್ಟು, ಪುಸ್ತಕದ ಥರದ ಅಕ್ಷರಗಳಲ್ಲಿ ಪುಟ ಕಟ್ಟೋ ಪ್ರೋಗ್ರಾಂ. ಅದು ನಡೆಸುತ್ತಿದ್ದುದು ಗ್ರಾಫಿಕ್ ಸಿಸ್ಟಮ್ಸ್ ಕಂಪನಿಯ ಫೋಟೋಟೈಪ್‌ಸೆಟರ್ ಯಂತ್ರವನ್ನ. ಒಳಗೆ ಫಿಲ್ಮಿನ ಮೇಲೆ ಅಕ್ಷರಗಳ ಚಿತ್ರ ಇರುತ್ತಿತ್ತು. ಒಂದೊಂದೇ ಅಕ್ಷರದ ಮೂಲಕ ಬೆಳಕು ಹಾಯಿಸಿ ಫೋಟೋ ಕಾಗದದ ಮೇಲೆ ಮೂಡಿಸಬೇಕು, ಆಮೇಲೆ ಆ ಕಾಗದವನ್ನ ಫೋಟೋ ತೊಳೆದ ಹಾಗೆ ತೊಳೆಯಬೇಕು. ಒಂದು ಸಲಕ್ಕೆ ನಾಲ್ಕು ಫಾಂಟ್, ಒಂದೊಂದರಲ್ಲಿ 102 ಅಕ್ಷರ. ಅಷ್ಟೇ. ಈ 102 ಅನ್ನೋ ಸಂಖ್ಯೆ ನೆನಪಿಟ್ಟುಕೊಳ್ಳಿ, ಆಮೇಲೆ ಕನ್ನಡದ ಮಾತು ಬಂದಾಗ ಬೇಕಾಗುತ್ತೆ.

1978ರಲ್ಲಿ ಬ್ರಯಾನ್ ಕರ್ನಿಹನ್ ಮತ್ತು ಡೆನ್ನಿಸ್ ರಿಚಿ ಸೇರಿ ಸಿ ಭಾಷೆಯ ಪುಸ್ತಕ ತಂದರು. ಇಂಜಿನಿಯರಿಂಗ್ ಓದಿದ ಯಾರನ್ನೇ ಕೇಳಿ, ಕೆ ಅಂಡ್ ಆರ್ ಅಂದ್ರೆ ಸಾಕು, ಗೊತ್ತಿರುತ್ತೆ. ಆ ಪುಸ್ತಕದ ಪುಟಗಳನ್ನ ಪ್ರಕಾಶಕರು ಜೋಡಿಸಲಿಲ್ಲ. ಲೇಖಕರೇ ಯೂನಿಕ್ಸ್ ಯಂತ್ರದಲ್ಲಿ, ಅದೇ ಫೋಟೋಟೈಪ್‌ಸೆಟರ್ ಮೇಲೆ ಜೋಡಿಸಿದರು. ಭಾಷೆ ಮಾಡಿದವರೇ ಅದರ ಪುಸ್ತಕ ಬರೆದು, ಪುಟವನ್ನೂ ತಾವೇ ಕಟ್ಟಿದ ಕಾಲ ಅದು.

ಆದರೆ ಪುಸ್ತಕ ಬರೋ ಹೊತ್ತಿಗೆ ಜೋ ಒಸಾನಾ ಇರಲಿಲ್ಲ. 1977ರಲ್ಲಿ ತೀರಿಕೊಂಡಿದ್ದರು. ಅವರ ಟ್ರಾಫ್ ಚೆನ್ನಾಗಿ ಕೆಲಸ ಮಾಡ್ತಿತ್ತು, ಆದರೆ ಒಳಗಿನ ಕೋಡು ಬೇರೆಯವರು ಸುಲಭವಾಗಿ ಬಿಡಿಸಿ ಓದೋ ಹಾಗೆ ಇರಲಿಲ್ಲ. ಮೇಲಾಗಿ ಅದು ಆ ಒಂದೇ ಮಾದರಿಯ ಟೈಪ್‌ಸೆಟರ್‌ಗೆ ಕಟ್ಟಿಹಾಕಿಕೊಂಡಿತ್ತು. ಯಂತ್ರ ಹಳೇದಾದರೆ ಪ್ರೋಗ್ರಾಮೂ ಹಳೇದು. ಕೊನೆಗೆ 1979ರಲ್ಲಿ ಕರ್ನಿಹನ್ ಅವರೇ ಕೂತು, ಯಾವ ಯಂತ್ರಕ್ಕಾದರೂ ಹೊಂದೋ ಹಾಗೆ ಅದನ್ನ ತಿದ್ದಿದರು.

ಪುಸ್ತಕ ಎಷ್ಟೇ ಚೆನ್ನಾಗಿ ಬರೆದಿರಲಿ, ಮೂಲ ಬರಹದಿಂದ ಪುಟದವರೆಗಿನ ದಾರಿ ಒಬ್ಬರಿಗೆ ಮಾತ್ರ ಗೊತ್ತಿದ್ದರೆ ಆ ಪುಸ್ತಕದ ಆಯಸ್ಸು ಆ ಒಬ್ಬರ ಆಯಸ್ಸಿಗೆ ಗಂಟು ಬಿದ್ದಿರುತ್ತೆ. ಟ್ರಾಫ್‌ಗೆ ಕರ್ನಿಹನ್ ಸಿಕ್ಕರು. ಎಲ್ಲದಕ್ಕೂ ಸಿಗಲ್ಲ.

ಪ್ರೂಫ್ ನೋಡಿ ಬೇಜಾರಾದ ಪ್ರೊಫೆಸರ್

ಅದೇ 1977ರಲ್ಲಿ ಅಮೆರಿಕದ ಇನ್ನೊಂದು ತುದಿಯಲ್ಲಿ, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಪ್ರೂಫ್ ನೋಡುತ್ತಿದ್ದರು. ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರಾಮಿಂಗ್ ಅನ್ನೋ ಗ್ರಂಥಮಾಲೆಯ ಎರಡನೇ ಸಂಪುಟದ ಎರಡನೇ ಮುದ್ರಣ. ಮೊದಲ ಮುದ್ರಣ ಸೀಸದ ಮೊಳೆಗಳಲ್ಲಿ ಆಗಿತ್ತು. ಈ ಸಲ ಫೋಟೋ ತಂತ್ರಕ್ಕೆ ಬದಲಾಗಿತ್ತು, ಅಕ್ಷರಗಳು ಅವರಿಗೆ ಒಂಚೂರೂ ಹಿಡಿಸಲಿಲ್ಲ. ಅಕ್ಷರ ಅಂದ್ರೆ ಕೊನೆಗೆ ಕಪ್ಪು ಚುಕ್ಕಿ, ಬಿಳಿ ಚುಕ್ಕಿ ತಾನೇ, ಅದು ಕಂಪ್ಯೂಟರಿನವರ ಕೆಲಸವೇ ಅಲ್ವಾ ಅಂತ ತಾವೇ ಕೈಹಾಕಿದರು. ಹೀಗೆ ಹುಟ್ಟಿದ್ದು ಟೆಕ್. ಸ್ವಲ್ಪ ಸಮಯದಲ್ಲೇ ಮುಗಿದುಬಿಡುತ್ತೆ ಅಂದುಕೊಂಡ ಕೆಲಸ ಸುಮಾರು ಹತ್ತು ವರ್ಷ ಎಳೆಯಿತು.

ಒಸಾನಾ ಅವರ ಕಥೆಯಲ್ಲಿ ಕಂಡ ಸಮಸ್ಯೆಗೆ ಕ್ನೂತ್ ಕೊಟ್ಟ ಉತ್ತರ ಬೇರೆ ಥರದ್ದು. ಟೆಕ್ ಪ್ರೋಗ್ರಾಮಿನ ಪೂರ್ತಿ ಕೋಡನ್ನೇ ಓದಬಹುದಾದ ಪುಸ್ತಕವಾಗಿ ಬರೆದರು. ಪ್ರೋಗ್ರಾಮನ್ನೂ ಅದರ ವಿವರಣೆಯನ್ನೂ ಒಂದೇ ಕಡತದಲ್ಲಿ ಹೆಣೆಯೋ ಈ ಪದ್ಧತಿಗೆ ಲಿಟರೇಟ್ ಪ್ರೋಗ್ರಾಮಿಂಗ್ ಅಂತ ಹೆಸರು. ಆಮೇಲೆ ಟೆಕ್‌ಗೆ ಹೊಸ ಸೌಲಭ್ಯ ಸೇರಿಸೋದನ್ನೇ ನಿಲ್ಲಿಸಿಬಿಟ್ಟರು. ದೋಷ ತಿದ್ದಿದಾಗ ಮಾತ್ರ ಹೊಸ ಆವೃತ್ತಿ, ಆವೃತ್ತಿಯ ಸಂಖ್ಯೆಗೆ ಪೈ ಬೆಲೆಯ ಒಂದೊಂದು ಅಂಕಿ ಸೇರುತ್ತಾ ಹೋಗುತ್ತೆ. 2021ರಲ್ಲಿ ಅದು 3.141592653 ತಲುಪಿತು.

ಟೆಕ್ ಬಲವಾದದ್ದು, ಆದರೆ ಕಷ್ಟ. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಅದರ ಮೇಲೆ ಲೇಟೆಕ್ ಅನ್ನೋ ಪದರ ಕಟ್ಟಿದರು. ಇದು ಅಧ್ಯಾಯ, ಇದು ಉಪಶೀರ್ಷಿಕೆ, ಇದು ಪಟ್ಟಿ ಅಂತ ಗುರುತು ಹಾಕಿದರೆ ಸಾಕು. ಎಷ್ಟು ಜಾಗ ಬಿಡಬೇಕು, ಯಾವ ಗಾತ್ರದ ಅಕ್ಷರ ಅನ್ನೋದನ್ನ ಲೇಟೆಕ್ ನೋಡಿಕೊಳ್ಳುತ್ತೆ. ವಿಜ್ಞಾನಿಗಳು, ಗಣಿತಜ್ಞರು ಮನಸೋತರು.

ಆಮ್‌ಸ್ಟರ್‌ಡ್ಯಾಮಿನ ಕಡತಗಳು

ಈಗ ಪೈಥಾನ್‌ಗೆ ಬರೋಣ. ನೆದರ್ಲೆಂಡ್ಸ್‌ನ ಆಮ್‌ಸ್ಟರ್‌ಡ್ಯಾಮಿನಲ್ಲಿ ಗಣಿತ ಮತ್ತು ಕಂಪ್ಯೂಟರ್ ವಿಜ್ಞಾನದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ ಇದೆ, ಸಿಡಬ್ಲ್ಯುಐ ಅಂತ. ಅಲ್ಲಿದ್ದ ಗೀಡೋ ವ್ಯಾನ್ ರಾಸಮ್ 1989ರ ಕ್ರಿಸ್‌ಮಸ್ ರಜೆಯಲ್ಲಿ ಹೊಸ ಭಾಷೆಯ ಕೆಲಸ ಶುರು ಮಾಡಿದರು. 1991ರ ಫೆಬ್ರವರಿಯಲ್ಲಿ ಅದು ಹೊರಗೆ ಬಂತು. ಕೈಪಿಡಿಯನ್ನ ಬರೆದಿದ್ದು ಲೇಟೆಕ್‌ನಲ್ಲಿ. ಆ ಕಾಲಕ್ಕೆ, ಆ ಥರದ ಸಂಸ್ಥೆಯಲ್ಲಿ, ಅದು ತೀರಾ ಸಹಜವಾದ ಆಯ್ಕೆ. ಕೈಪಿಡಿ ಅಂದ್ರೆ ಪ್ರಿಂಟ್ ತೆಗೆದು ಓದೋದು, ಚೆಂದದ ಪ್ರಿಂಟ್ ಬೇಕು ಅಂದ್ರೆ ಲೇಟೆಕ್.

ವರ್ಷ ಕಳೆದ ಹಾಗೆ ಒಂದು ಪುಸ್ತಕ ಹಲವಾಯಿತು. ಹೊಸಬರಿಗೆ ಟ್ಯುಟೋರಿಯಲ್, ಭಾಷೆಯ ವ್ಯಾಕರಣಕ್ಕೆ ರೆಫರೆನ್ಸ್, ಸಿದ್ಧ ಮಾಡ್ಯೂಲ್‌ಗಳ ವಿವರಕ್ಕೆ ಲೈಬ್ರರಿ ರೆಫರೆನ್ಸ್, ಸಿ ಭಾಷೆಯ ಜೊತೆ ಸೇರಿಸಿ ಬಳಸೋರಿಗೆ ಇನ್ನೆರಡು. ಪೈಥಾನ್ ಕೈಪಿಡಿಗೆ ಅಂತಲೇ ಲೇಟೆಕ್‌ನಲ್ಲಿ ಹೊಸ ಗುರುತುಗಳನ್ನ ಮಾಡಿಕೊಂಡರು. ಇದು ಫಂಕ್ಷನ್ನಿನ ವಿವರ, ಇದು ಮಾಡ್ಯೂಲಿನ ಹೆಸರು, ಈ ಸೌಲಭ್ಯ ಇಂಥ ಆವೃತ್ತಿಯಲ್ಲಿ ಸೇರಿತು ಅಂತೆಲ್ಲ ಹೇಳೋ ಗುರುತುಗಳು. ಇದು ದೂರದೃಷ್ಟಿಯ ಕೆಲಸ. ಬರೀ ದಪ್ಪಕ್ಷರ, ಓರೆಯಕ್ಷರ ಅಂತ ಬರೆದಿದ್ದರೆ ಮುಂದೆ ಯಾವ ಯಂತ್ರಕ್ಕೂ ಅದರ ಅರ್ಥ ಗೊತ್ತಾಗುತ್ತಿರಲಿಲ್ಲ.

ಆದರೆ ಲೇಟೆಕ್‌ನಲ್ಲಿ ಪ್ರೋಗ್ರಾಮಿಂಗ್ ಬಗ್ಗೆ ಬರೆಯೋದರಲ್ಲಿ ಒಂದು ತೊಡಕಿದೆ. ಲೇಟೆಕ್‌ನಲ್ಲಿ ಶೇಕಡಾ ಚಿಹ್ನೆ ಹಾಕಿದರೆ, ಆ ಸಾಲಿನಲ್ಲಿ ಮುಂದೆ ಇರೋದನ್ನ ಬಿಟ್ಟುಬಿಡು ಅಂತ ಅರ್ಥ. ಪೈಥಾನ್‌ನಲ್ಲಿ ಅದೇ ಚಿಹ್ನೆ ದಿನನಿತ್ಯದ ಬಳಕೆಯದು. ಹೂ ಆವರಣ ಲೇಟೆಕ್‌ಗೂ ಬೇಕು, ಪೈಥಾನ್‌ನ ಡಿಕ್ಷನರಿಗೂ ಬೇಕು. ಪೂರ್ತಿ ಉದಾಹರಣೆಯನ್ನ ಬೇರೆಯಾಗಿ ಕಟ್ಟಿಡೋಕೆ ಲೇಟೆಕ್‌ನಲ್ಲಿ ದಾರಿ ಇತ್ತು. ವಾಕ್ಯದ ಮಧ್ಯೆ ಬಂದರೆ ಮಾತ್ರ ಹಿಂದೆ ಒಂದು ಓರೆಗೆರೆ ಸೇರಿಸಿ, ಇದು ನಿನಗಲ್ಲ, ಓದುಗರಿಗೆ ಅಂತ ಲೇಟೆಕ್‌ಗೆ ಹೇಳಬೇಕು. ಒಂದು ಕಡೆ ಮರೆತರೆ ಅರ್ಧ ಸಾಲು ಮಾಯ. ಇನ್ನೊಂದು ಕಡೆ ಮರೆತರೆ ಬಿಲ್ಡ್ ಅರ್ಧಕ್ಕೇ ನಿಲ್ಲುತ್ತೆ.

ಬಿಲ್ಡ್ ಅನ್ನೋ ಪದ ಬಂತು, ಒಂದು ನಿಮಿಷ. ಬರೆದ ಮೂಲ ಕಡತವನ್ನ ಓದೋ ಪುಟವಾಗಿ ಮಾಡೋ ಪ್ರಕ್ರಿಯೆಗೆ ಬಿಲ್ಡ್ ಅಂತಾರೆ. ಹಳೇ ಅಚ್ಚುಕೂಟದಲ್ಲಿ ಬರಹ, ಮೊಳೆ ಜೋಡಣೆ, ಪ್ರೂಫ್, ಮುದ್ರಣ ಅಂತ ಸಾಲಾಗಿ ಆಗುತ್ತಿದ್ದುದನ್ನೆಲ್ಲ ಇಲ್ಲಿ ಒಂದು ಕಮಾಂಡ್ ಮಾಡುತ್ತೆ. ಮಾಡಬೇಕು. ಮಾಡದೇ ಇದ್ದಾಗ ಯಾರೋ ಒಬ್ಬರು ಕೂತು ಯಾಕೆ ಅಂತ ಹುಡುಕಬೇಕು.

ಆ ಯಾರೋ ಒಬ್ಬರು

ಪೈಥಾನ್ ವಿಷಯದಲ್ಲಿ ಆ ಒಬ್ಬರ ಹೆಸರು ಫ್ರೆಡ್ ಡ್ರೇಕ್. 1990ರ ದಶಕದಲ್ಲಿ ಗೀಡೋ ಅಮೆರಿಕದ ವರ್ಜೀನಿಯಾಕ್ಕೆ ಬಂದು ಸಿಎನ್‌ಆರ್‌ಐ ಅನ್ನೋ ಸಂಶೋಧನಾ ಸಂಸ್ಥೆ ಸೇರಿದ್ದರು. ಫ್ರೆಡ್ ಡ್ರೇಕ್ ಅಲ್ಲಿ ಅವರ ಸಹೋದ್ಯೋಗಿ. 2000ದಲ್ಲಿ ಈ ತಂಡ ಅಲ್ಲಿಂದ ಬಿಓಪನ್ ಕಂಪನಿಗೆ ಹೋಯ್ತು, ಅದೇ ವರ್ಷ ಅಲ್ಲಿಂದ ಡಿಜಿಟಲ್ ಕ್ರಿಯೇಷನ್ಸ್‌ಗೆ. ಸಂಬಳ ಕೊಡೋ ಹೆಸರು ಬದಲಾಗುತ್ತಾ ಹೋಯ್ತು, ಕೈಪಿಡಿಯ ಸಂಪಾದಕ ಮಾತ್ರ ಅವರೇ.

ಇಷ್ಟರಲ್ಲಿ ವೆಬ್ ಬಂದಿತ್ತು. ಜನಕ್ಕೆ ಪ್ರಿಂಟ್ ತೆಗೆಯೋ ತಾಳ್ಮೆ ಹೋಯ್ತು. ಕೈಪಿಡಿ ಬ್ರೌಸರ್‌ನಲ್ಲಿ ಬೇಕು, ಒಂದು ಪದ ಒತ್ತಿದರೆ ಇನ್ನೊಂದು ಪುಟಕ್ಕೆ ಹಾರಬೇಕು. ಲೇಟೆಕ್ ಹುಟ್ಟಿದ್ದು ಕಾಗದಕ್ಕೆ. ಅದನ್ನ ವೆಬ್ ಪುಟವಾಗಿ ಮಾಡೋಕೆ ಮಧ್ಯೆ ಒಂದು ಸೇತುವೆ ಬೇಕು. ಆಗ ಸಿಕ್ಕಿದ್ದು ಲೇಟೆಕ್-ಟು-ಎಚ್‌ಟಿಎಂಎಲ್ ಅನ್ನೋ ಪ್ರೋಗ್ರಾಂ. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ನಿಕೋಸ್ ಡ್ರಾಕೋಸ್ ಮಾಡಿದ್ದು. ಮಜಾ ಏನಪ್ಪಾ ಅಂದ್ರೆ ಅದು ಬರೆದಿದ್ದು ಪರ್ಲ್ ಭಾಷೆಯಲ್ಲಿ. ಆ ಕಾಲದಲ್ಲಿ ಪರ್ಲ್ ಮತ್ತು ಪೈಥಾನ್ ಅಂದ್ರೆ ಒಂದೇ ಬೀದಿಯ ಎರಡು ಹೋಟೆಲ್ ಇದ್ದ ಹಾಗೆ. ಪೈಥಾನ್ ಕಲಿಸೋ ಪುಸ್ತಕದ ವೆಬ್ ಪುಟ ಮಾಡೋಕೆ ಪರ್ಲ್ ಬೇಕಿತ್ತು.

ಪೈಥಾನ್ ತಂಡ ಮಾಡಿಕೊಂಡಿದ್ದ ವಿಶೇಷ ಗುರುತುಗಳು ಆ ಪರ್ಲ್ ಪ್ರೋಗ್ರಾಮಿಗೆ ತಾವಾಗಿ ಅರ್ಥವಾಗುತ್ತಿರಲಿಲ್ಲ. ಪ್ರತಿಯೊಂದಕ್ಕೂ ಪರ್ಲ್‌ನಲ್ಲಿ ಇನ್ನೊಂದು ತುಂಡು ಕೋಡ್ ಬರೆಯಬೇಕು. ಅಂದ್ರೆ ಒಂದು ಗುರುತು ಎರಡು ಕಡೆ ಬದುಕಬೇಕು, ಕಾಗದಕ್ಕೆ ಲೇಟೆಕ್‌ನಲ್ಲಿ ಒಂದು ಸಲ, ವೆಬ್‌ಗೆ ಪರ್ಲ್‌ನಲ್ಲಿ ಇನ್ನೊಂದು ಸಲ. ಇದನ್ನೆಲ್ಲ ಸೇರಿಸಿ ಹೊಲಿದು, ಪ್ರತಿ ಆವೃತ್ತಿಗೆ ವೆಬ್ ಪುಟ, ಪಿಡಿಎಫ್ ಎಲ್ಲ ಹೊರಗೆ ಬರೋ ಹಾಗೆ ಮಾಡಿದ್ದು ಫ್ರೆಡ್ ಡ್ರೇಕ್.

ಇನ್ನೊಂದು ಸಂಗತಿ ಹೇಳ್ತೀನಿ. ಕೈಪಿಡಿ ಬರೆಯೋದು ಹೇಗೆ ಅಂತ ಹೇಳೋಕೆ ಪೈಥಾನ್‌ನಲ್ಲಿ ಒಂದು ಪ್ರತ್ಯೇಕ ಕೈಪಿಡಿ ಇತ್ತು. ಅದರಲ್ಲಿ ಒಂದು ಸೂಚನೆ: ನಿಮಗೆ ಲೇಟೆಕ್ ಕಲಿಯೋ ಆಸಕ್ತಿ ಇಲ್ಲದಿದ್ದರೆ ಕಲಿಯಬೇಕಾಗಿಲ್ಲ, ಬರೀ ಪಠ್ಯ ಕಳಿಸಿ, ಅದಕ್ಕೂ ಸ್ವಾಗತ ಅಂತ. ಓದೋಕೆ ಎಷ್ಟು ಉದಾರವಾದ ಮಾತು! ಆದರೆ ಲೆಕ್ಕ ಓದಿದವಳ ಕಣ್ಣಿಗೆ ಇದರಲ್ಲಿ ಕಾಣೋದು ಬೇರೆ. ಗುರುತು ಹಾಕೋ ಖರ್ಚು ಬರೆದವರ ಖಾತೆಯಿಂದ ಸಂಪಾದಕರ ಖಾತೆಗೆ ವರ್ಗವಾಗುತ್ತಿತ್ತು. ಬಾಗಿಲು ಎಷ್ಟು ಅಗಲ ತೆರೆದರೆ ಸಂಪಾದಕರ ಮೇಜಿನ ಮೇಲೆ ಅಷ್ಟು ಕೆಲಸ.

ಹಾಗಂತ ಯಾರೂ ಯೋಚನೆ ಮಾಡಿರಲಿಲ್ಲ ಅಂತಲ್ಲ. ಎಸ್‌ಜಿಎಂಎಲ್‌ಗೆ ಬದಲಾಯಿಸೋಣ ಅಂದರು. ಆಮೇಲೆ ಎಕ್ಸ್‌ಎಂಎಲ್ ಫ್ಯಾಷನ್ ಬಂತು, ಅದಕ್ಕೆ ಬದಲಾಯಿಸೋಣ ಅಂದರು. ವರ್ಷಗಳು ಕಳೆದವು, ಕೆಲಸ ಪೂರ್ತಿ ಆಗಲೇ ಇಲ್ಲ. ಕಾರಣ ಸರಳ. ಸಾವಿರಾರು ಪುಟಗಳ ಬರಹವನ್ನ ಅರ್ಥ ಕೆಡದ ಹಾಗೆ ಒಂದು ರೂಪದಿಂದ ಇನ್ನೊಂದಕ್ಕೆ ತರಬೇಕು, ಅದೂ ಆ ಬರಹ ದಿನಾ ಬದಲಾಗುತ್ತಾ ಇರುವಾಗಲೇ. ಓಡೋ ಬಸ್ಸಿನ ಚಕ್ರ ಬದಲಾಯಿಸಿದ ಹಾಗೆ. ಸಲಹೆ ಕೊಡೋಕೆ ಹತ್ತು ನಿಮಿಷ ಸಾಕು, ಮಾಡೋಕೆ ತಿಂಗಳುಗಳು ಬೇಕು.

2007: ಮಾಡಿ ತಂದು ತೋರಿಸಿದವರು

2007ರ ಮೇ ತಿಂಗಳಲ್ಲಿ ಜರ್ಮನಿಯ ಜಾರ್ಜ್ ಬ್ರಾಂಡ್ಲ್ ಪೈಥಾನ್ ಅಭಿವೃದ್ಧಿಪಡಿಸುವವರ ಮುಂದೆ ಬಂದರು. ಅವರ ಕೈಯಲ್ಲಿ ಬರೀ ಸಲಹೆ ಇರಲಿಲ್ಲ. ಪರಿವರ್ತನೆ ಮಾಡಿದ ಕೈಪಿಡಿಯೇ ಇತ್ತು, ಬ್ರೌಸರ್‌ನಲ್ಲಿ ತೆರೆದು ನೋಡೋ ಹಾಗೆ. ಪೈಥಾನ್‌ನ ಲೇಟೆಕ್ ಕಡತಗಳನ್ನ ಓದಿ ಹೊಸ ರೂಪಕ್ಕೆ ತರೋ ಪ್ರೋಗ್ರಾಮನ್ನ ಪೈಥಾನ್‌ನಲ್ಲೇ ಬರೆದಿದ್ದರು. ಯಂತ್ರಕ್ಕೆ ಆಗದಿದ್ದ ಕಡೆ ಕೈಯಲ್ಲಿ ತಿದ್ದಿದ್ದರು. ಮೊದಲೇ ಹೇಳಿದೆನಲ್ಲ, ಹಳೇ ಗುರುತುಗಳು ಬರೀ ಅಂದಕ್ಕೆ ಹಾಕಿದ್ದವಲ್ಲ, ಅರ್ಥ ಹೇಳುತ್ತಿದ್ದವು ಅಂತ. ಅದರ ಲಾಭ ಈಗ ಬಂತು. ಇದು ಫಂಕ್ಷನ್, ಇದು ಮಾಡ್ಯೂಲ್ ಅನ್ನೋ ಮಾಹಿತಿ ಹಳೇ ಕಡತದಿಂದ ಹೊಸದಕ್ಕೆ ಹಾಗೇ ದಾಟಿತು. ಫ್ರೆಡ್ ಡ್ರೇಕ್ ವರ್ಷಗಟ್ಟಲೆ ಕಾಪಾಡಿದ ಶಿಸ್ತಿನ ಮೇಲೆಯೇ ಹೊಸ ಕಟ್ಟಡ ನಿಂತಿತು.

ಹೊಸ ರೂಪದ ಹೆಸರು ರೀಸ್ಟ್ರಕ್ಚರ್ಡ್‌ಟೆಕ್ಸ್ಟ್. ಡೇವಿಡ್ ಗುಡ್ಜರ್ ಅವರ ಡಾಕ್‌ಯುಟಿಲ್ಸ್ ಯೋಜನೆಯಿಂದ ಬಂದದ್ದು. ನಾವು ಸರಳ ಇಮೇಲ್ ಬರೆಯೋ ಹಾಗೆ ಬರೆಯೋದು. ಶೀರ್ಷಿಕೆಯ ಕೆಳಗೆ ಗೆರೆ ಎಳೆದರೆ ಅದು ಶೀರ್ಷಿಕೆ. ಪದದ ಎರಡೂ ಕಡೆ ನಕ್ಷತ್ರ ಹಾಕಿದರೆ ಒತ್ತು. ಬಿಲ್ಡ್ ಮಾಡದೆಯೂ ಮೂಲ ಕಡತವನ್ನೇ ಓದಬಹುದು. ಅದರ ಮೇಲೆ ಬ್ರಾಂಡ್ಲ್ ಕಟ್ಟಿದ ಬಿಲ್ಡ್ ವ್ಯವಸ್ಥೆಯ ಹೆಸರು ಸ್ಫಿಂಕ್ಸ್. ಅದೇ ವರ್ಷ ಆಗಸ್ಟ್‌ನಲ್ಲಿ ಹೊಸ ಕಡತಗಳು ಪೈಥಾನ್‌ನ ಮುಖ್ಯ ಭಂಡಾರ ಸೇರಿದವು. 2008ರ ಮಾರ್ಚ್‌ನಲ್ಲಿ ಸ್ಫಿಂಕ್ಸ್ ಬೇರೆಯವರೂ ಬಳಸೋ ಹಾಗೆ ಪ್ರತ್ಯೇಕವಾಗಿ ಬಿಡುಗಡೆ ಆಯ್ತು. 2008ರ ಅಕ್ಟೋಬರ್ 1ರಂದು ಬಂದ ಪೈಥಾನ್ 2.6 ಹೊಸ ಕೈಪಿಡಿಯೊಂದಿಗೆ ಬಂತು.

ಇದರಿಂದ ಏನು ಬದಲಾಯ್ತು ಅಂತ ನೀವು ಕೇಳಬಹುದು. ಮೊದಲನೆಯದು, ಪೈಥಾನ್ ಗೊತ್ತಿದ್ದವರಿಗೆ ಪೈಥಾನ್ ಕೈಪಿಡಿಯ ಯಂತ್ರವೂ ಗೊತ್ತಾಗೋ ಹಾಗಾಯ್ತು. ಪರ್ಲ್ ಬೇಡ, ಲೇಟೆಕ್‌ನ ಒಳಗುಟ್ಟು ಬೇಡ. ಭಾಷೆ ನಡೆಸೋ ಜನವೇ ಪುಸ್ತಕದ ಅಚ್ಚುಕೂಟವನ್ನೂ ರಿಪೇರಿ ಮಾಡಬಹುದು. ಎರಡನೆಯದು, ಓದೋಕೆ ಬಂದವರು ತಪ್ಪು ಕಂಡರೆ ತಿದ್ದೋ ಹಂತಕ್ಕೆ ಬಂದರು. ಪ್ರತಿ ಪುಟದಲ್ಲೂ ಅದರ ಮೂಲವನ್ನ ತೋರಿಸೋ ಕೊಂಡಿ ಬಂತು. ಮೂರನೆಯದು, ಕೈಪಿಡಿಯಲ್ಲಿ ಕೊಟ್ಟ ಉದಾಹರಣೆಗಳನ್ನ ಯಂತ್ರವೇ ಓಡಿಸಿ, ಪುಸ್ತಕದಲ್ಲಿ ಬರೆದ ಉತ್ತರವೇ ನಿಜವಾಗಿಯೂ ಬರುತ್ತಾ ಅಂತ ಪರೀಕ್ಷಿಸೋ ಸೌಲಭ್ಯ ಬಿಲ್ಡ್‌ನೊಳಗೇ ಸೇರಿತು. ಇದಕ್ಕೆ ಬಳಸಿದ ಡಾಕ್‌ಟೆಸ್ಟ್ ಅನ್ನೋ ಉಪಕರಣ ಟಿಮ್ ಪೀಟರ್ಸ್ ಬರೆದದ್ದು. ನಮ್ಮ ಲೆಕ್ಕದ ಭಾಷೆಯಲ್ಲಿ ಹೇಳೋದಾದರೆ, ಪುಸ್ತಕಕ್ಕೆ ಒಳಗಿನ ಆಡಿಟ್ ಬಂದ ಹಾಗೆ.

ಲೇಟೆಕ್ ಹೋಯ್ತಾ?

ಹೋಗಲಿಲ್ಲ. ಇದು ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಸ್ಫಿಂಕ್ಸ್‌ನಲ್ಲಿ ಪಿಡಿಎಫ್ ಬೇಕು ಅಂದರೆ, ಅದು ನಿಮ್ಮ ಸರಳ ಬರಹವನ್ನ ತಾನೇ ಲೇಟೆಕ್ ಕಡತವಾಗಿ ಬರೆದುಕೊಡುತ್ತೆ. ಆಮೇಲೆ ಲೇಟೆಕ್ ಪುಟ ಕಟ್ಟುತ್ತೆ. ಎಲ್ಲಿ ಸಾಲು ಮುರಿದರೆ ಚೆಂದ, ಎಲ್ಲಿ ಪದ ಒಡೆಯಬಹುದು ಅನ್ನೋ ಲೆಕ್ಕದಲ್ಲಿ ಕ್ನೂತ್ ಅವರ ಕೆಲಸವನ್ನ ಮೀರಿಸೋದು ಇವತ್ತಿಗೂ ಸುಲಭ ಇಲ್ಲ. ಮೊದಲು ಲೇಟೆಕ್ ಮನುಷ್ಯರು ಬರೆಯೋ ರೂಪವಾಗಿತ್ತು, ಈಗ ಯಂತ್ರ ಬರೆಯೋ ರೂಪವಾಯ್ತು. ಕುದುರೆಯನ್ನ ಮಾರಲಿಲ್ಲ, ಜೀನು ಬದಲಾಯಿಸಿದರು ಅಷ್ಟೇ.

ಕಳೆದುಕೊಂಡದ್ದೂ ಇದೆ. ಮನುಷ್ಯ ಲೇಟೆಕ್ ಬರೆಯುವಾಗ ಒಂದು ಪುಟ ಸರಿ ಕೂರಲಿಲ್ಲ ಅಂದರೆ ಅಲ್ಲೇ ಒಂದು ಸಾಲು ಸೇರಿಸಿ ಸರಿ ಮಾಡಬಹುದಿತ್ತು. ಈಗ ಒಂದು ಕೋಷ್ಟಕ ಅಂಚಿನಿಂದ ಹೊರಗೆ ಚಾಚಿದರೆ, ಅದು ಆ ಪುಟದ ಸಮಸ್ಯೆಯಾಗಿ ಉಳಿಯಲ್ಲ. ಲೇಟೆಕ್ ಬರೆಯೋ ಯಂತ್ರವನ್ನೇ ತಿದ್ದಬೇಕು, ಆ ತಿದ್ದುಪಡಿ ಸ್ಫಿಂಕ್ಸ್ ಬಳಸೋ ಎಲ್ಲರ ಮೇಲೂ ಪರಿಣಾಮ ಬೀರುತ್ತೆ. ಆ ಎಲ್ಲರೂ ಅಂದ್ರೆ ಸಣ್ಣ ಗುಂಪಲ್ಲ. ಜ್ಯಾಂಗೋ ಬಂತು, ನಂಪೈ ಬಂತು. 2016ರಲ್ಲಿ ಲಿನಕ್ಸ್ ಕರ್ನಲ್‌ನವರೂ 4.8ನೇ ಆವೃತ್ತಿಯಿಂದ ತಮ್ಮ ದಾಖಲೆಗಳನ್ನ ಸ್ಫಿಂಕ್ಸ್‌ಗೆ ತರೋಕೆ ಶುರು ಮಾಡಿದರು. ಒಂದು ಭಾಷೆಯ ಪುಸ್ತಕಕ್ಕೆ ಅಂತ ಮಾಡಿದ ಉಪಕರಣ ಊರಿಗೆಲ್ಲ ಅಚ್ಚುಕೂಟ ಆಯ್ತು. ಮುಂದೆ ಆ ಅಚ್ಚುಕೂಟದ ಜವಾಬ್ದಾರಿಯೂ ಕೈ ಬದಲಾಯಿಸಿತು. ತಕೇಶಿ ಕೊಮಿಯಾ ಅವರಂಥ ಜಪಾನಿನ ಸ್ವಯಂಸೇವಕರು ವರ್ಷಗಟ್ಟಲೆ ಅದನ್ನ ನಡೆಸಿದರು.

102 ಅಕ್ಷರ ಮತ್ತು ಒಂದು ಸ್ತ್ರೀ

ಈಗ ನೆನಪಿಟ್ಟುಕೊಳ್ಳಿ ಅಂದಿದ್ದ ಸಂಖ್ಯೆಗೆ ಬರ್ತೀನಿ. 2017ರಲ್ಲಿ ಪೈಥಾನ್ ತಂಡ ಕೈಪಿಡಿಯನ್ನ ಬೇರೆ ಭಾಷೆಗಳಿಗೆ ಅನುವಾದ ಮಾಡೋಕೆ ಅಧಿಕೃತ ವ್ಯವಸ್ಥೆ ಮಾಡಿತು. ಜಪಾನಿ, ಫ್ರೆಂಚ್, ಕೊರಿಯನ್ ಮೊದಲು ಬಂದವು. ಮೂಲದ ಒಂದೊಂದು ಪ್ಯಾರಾಕ್ಕೂ ಎದುರಿಗೆ ಅನುವಾದ ಬರೆದರೆ, ಅದೇ ಬಿಲ್ಡ್ ಇನ್ನೊಂದು ಭಾಷೆಯ ಪುಸ್ತಕ ಕಟ್ಟಿಕೊಡುತ್ತೆ.

ನಮ್ಮ ಭಾಷೆಯಲ್ಲಿ ಇಂಥ ಕೈಪಿಡಿ ಕಟ್ಟಬೇಕು ಅಂದುಕೊಂಡರೆ ವಾಕ್ಯಗಳ ಅನುವಾದ ಒಂದು ಕೆಲಸ, ಪುಟ ಕಟ್ಟೋದು ಇನ್ನೊಂದು. ಸ್ತ್ರೀ ಅನ್ನೋ ಪದ ತಗೊಳ್ಳಿ. ಕಣ್ಣಿಗೆ ಒಂದೇ ಅಕ್ಷರ. ಯೂನಿಕೋಡ್‌ನಲ್ಲಿ ಅದು ಆರು ತುಂಡು: ಸಕಾರ, ವಿರಾಮ ಚಿಹ್ನೆ, ತಕಾರ, ಮತ್ತೆ ವಿರಾಮ ಚಿಹ್ನೆ, ರಕಾರ, ದೀರ್ಘ ಈಕಾರ. ಈ ಆರನ್ನೂ ಸೇರಿಸಿ, ಒತ್ತುಗಳನ್ನ ಕೆಳಗೆ ಕೂರಿಸಿ, ಒಂದು ಆಕಾರ ಮಾಡೋದು ಫಾಂಟ್ ಮತ್ತು ಪುಟ ಕಟ್ಟೋ ಯಂತ್ರದ ಜಂಟಿ ಕೆಲಸ. ಒಂದು ಫಾಂಟಿಗೆ 102 ಅಕ್ಷರ ಇದ್ದ ಯಂತ್ರ ಇಂಗ್ಲಿಷಿಗೆ ಸಾಕಾಗಿತ್ತು, ಕನ್ನಡಕ್ಕೆ ಎಲ್ಲಿ ಸಾಕು? ಹಳೇ ಲೇಟೆಕ್‌ನಲ್ಲಿ ಒಂದು ಫಾಂಟಿಗೆ ಹೆಚ್ಚೆಂದರೆ 256 ಅಕ್ಷರ. 2004ರಲ್ಲಿ ಜೊನಾಥನ್ ಕ್ಯೂ ಅವರ ಜೀಟೆಕ್ ಬಂದು ಯೂನಿಕೋಡ್ ಫಾಂಟುಗಳನ್ನ ನೇರವಾಗಿ ಬಳಸೋ ದಾರಿ ಮಾಡಿತು. ಸ್ಫಿಂಕ್ಸ್‌ನಲ್ಲಿ ಇವತ್ತು ಪಿಡಿಎಫ್‌ಗೆ ಆ ಎಂಜಿನ್ ಆರಿಸಿಕೊಂಡು, ಕನ್ನಡ ಫಾಂಟ್ ಹೆಸರು ಕೊಟ್ಟರೆ, ಒತ್ತಕ್ಷರ ಒಡೆಯದೆ ಪುಟ ಬರುತ್ತೆ.

ಅಂದ್ರೆ ದಾರಿ ಇದೆ. ಆ ದಾರಿಯನ್ನ ಬೆಲ್ ಲ್ಯಾಬ್ಸ್‌ನಿಂದ ಹಿಡಿದು ಇಲ್ಲಿಯವರೆಗೆ ಒಬ್ಬೊಬ್ಬರೇ ಒಂದೊಂದು ಗಜ ಹಾಕಿದ್ದಾರೆ.

ಲೆಕ್ಕಕ್ಕೆ ಬಾರದ ಖರ್ಚು

ಕೊನೆಯದಾಗಿ ನನ್ನ ವಿಷಯಕ್ಕೆ ಬರ್ತೀನಿ. ಒಂದು ಕಾರ್ಖಾನೆಯ ಯಂತ್ರಕ್ಕೆ ನಾವು ಪ್ರತಿ ವರ್ಷ ಸವಕಳಿ ಬರೀತೀವಿ. ಇದು ಇಷ್ಟು ಸವೆದಿದೆ, ಇದಕ್ಕೆ ಇಷ್ಟು ತೆಗೆದಿಡಿ ಅಂತ. ಕೈಪಿಡಿಯೂ ಸವೆಯುತ್ತೆ. ಒಂದು ಅಕ್ಷರ ಮುಟ್ಟದೆ ಹಾಗೇ ಇಟ್ಟರೂ ಸವೆಯುತ್ತೆ, ಯಾಕಂದ್ರೆ ಅದು ವಿವರಿಸೋ ಭಾಷೆ ಮುಂದೆ ಹೋಗಿರುತ್ತೆ, ಅದನ್ನ ಕಟ್ಟೋ ಉಪಕರಣ ಬದಲಾಗಿರುತ್ತೆ. ನಿನ್ನೆ ಬಿಲ್ಡ್ ಆದದ್ದು ಇವತ್ತು ಆಗಲ್ಲ. ಆದರೆ ಈ ಸವಕಳಿ ಯಾರ ಬ್ಯಾಲೆನ್ಸ್ ಶೀಟಿನಲ್ಲೂ ಇಲ್ಲ. ಪೈಥಾನ್ ಬಳಸಿ ದುಡಿಯೋ ಬ್ಯಾಂಕು, ನಮ್ಮ ಬೆಂಗಳೂರಿನ ಐಟಿ ಕಂಪನಿ, ಕಾಲೇಜಿನ ಲ್ಯಾಬು, ಎಲ್ಲರೂ ಆ ಕೈಪಿಡಿಯ ಮೇಲೆ ನಿಂತಿದ್ದಾರೆ. ಅದರ ರಿಪೇರಿ ಖರ್ಚು ಬಹುಪಾಲು ಯಾರದೋ ಸಂಜೆ, ಯಾರದೋ ಭಾನುವಾರ.

ಒಸಾನಾ ಹೋದಾಗ ಟ್ರಾಫ್ ಉಳಿದದ್ದು ಇನ್ನೊಬ್ಬರು ಕೂತು ಅದನ್ನ ಬಿಡಿಸಿದ್ದರಿಂದ. ಕ್ನೂತ್ ತಮ್ಮ ಕೆಲಸವನ್ನ ಬದಲಾಗದ ಹಾಗೆ ನಿಲ್ಲಿಸಿ ಉಳಿಸಿದರು. ಪೈಥಾನ್ ಹಿಡಿದ ದಾರಿ ಮೂರನೆಯದು. ಪುಟ ಕಟ್ಟೋ ಕೆಲಸ ಎಷ್ಟು ಜನಕ್ಕೆ ಸಾಧ್ಯವೋ ಅಷ್ಟು ಜನಕ್ಕೆ ಎಟುಕೋ ಹಾಗೆ ಮಾಡೋದು. ಮೂರರಲ್ಲಿ ಯಾವುದು ಸರಿ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ. ಟೆಕ್ ಬದಲಾಗದೆ ನಿಂತಿದ್ದರಿಂದಲೇ ಸ್ಫಿಂಕ್ಸ್ ಅದರ ಮೇಲೆ ಭಾರ ಹಾಕಬಹುದು. ಆದರೆ ದಿನಾ ಬದಲಾಗೋ ಭಾಷೆಯ ಕೈಪಿಡಿಗೆ ಮಾತ್ರ, ನನ್ನ ಲೆಕ್ಕದಲ್ಲಿ, ಮೂರನೇ ದಾರಿ ಬಿಟ್ಟು ಬೇರೆ ಇಲ್ಲ.

ಪೈಥಾನ್ ಕೈಪಿಡಿಯ ಒಳಗೆ, ಈ ದಾಖಲೆಗಳ ಬಗ್ಗೆ ಅನ್ನೋ ಒಂದು ಸಣ್ಣ ಪುಟ ಇದೆ. ಹೆಚ್ಚಿನವರು ಅಲ್ಲಿಗೆ ಹೋಗಲ್ಲ. ಅಲ್ಲಿ ಮೊದಲ ಧನ್ಯವಾದ ಫ್ರೆಡ್ ಡ್ರೇಕ್ ಅವರಿಗೆ, ಮೂಲ ಉಪಕರಣಗಳನ್ನ ಮಾಡಿದವರು, ಬರಹದಲ್ಲೂ ಬಹಳಷ್ಟನ್ನ ಬರೆದವರು ಅಂತ. ಅವರ ಲೇಟೆಕ್ ವ್ಯವಸ್ಥೆಯನ್ನ ಬಿಚ್ಚಿ ಕಟ್ಟಿದ ಹೊಸ ಪುಸ್ತಕದಲ್ಲೇ ಅವರ ಹೆಸರು ಮೊದಲು ನಿಂತಿದೆ. ಮುಂದಿನ ಸಲ ನೀವು ಯಾವುದೋ ಫಂಕ್ಷನ್ ಹುಡುಕ್ತಾ ಅಲ್ಲಿಗೆ ಹೋದಾಗ ಆ ಪುಟವನ್ನೂ ಒಮ್ಮೆ ತೆರೆದು ನೋಡಿ. ದಾರಿಯಲ್ಲಿ ಒಂದು ಕಾಗುಣಿತದ ತಪ್ಪು ಕಂಡರೆ ಸುಮ್ಮನೆ ದಾಟಿ ಹೋಗಬೇಡಿ. ತಿದ್ದಿ ಕಳಿಸಿ. ಈಗ ಅದಕ್ಕೆ ಲೇಟೆಕ್ ಕಲಿಯಬೇಕಾಗಿಲ್ಲ, ಅದನ್ನ ಇನ್ನೊಬ್ಬರ ಮೇಜಿನ ಮೇಲೆ ಹಾಕಬೇಕಾಗಿಯೂ ಇಲ್ಲ.